ಕೀನ್ಯಾ ಸಫಾರಿಯಲ್ಲಿ ಹಕ್ಕಿಗಳನ್ನು ನೋಡುವುದು, ಚಿತ್ರ ತೆಗೆಯುವುದು

ಕೀನ್ಯಾದಲ್ಲಿ ಸಾವಿರಕ್ಕೂ ಹೆಚ್ಚು ಜಾತಿಯ ಹಕ್ಕಿಗಳು ದಾಖಲಾಗಿವೆ. ಆದರೂ ಮಸಾಯಿ ಮಾರಾ ವನ್ಯಜೀವಿ ತಾಣದಲ್ಲಿ ಸಿಂಹವೋ ಚಿರತೆಯೋ ಕಂಡ ಸುದ್ದಿ ರೇಡಿಯೊದಲ್ಲಿ ಬಂದರೆ ಸಾಕು, ವಾಹನಗಳೆಲ್ಲ ಅತ್ತ ಓಡುತ್ತವೆ. ಆದ್ದರಿಂದ ನಿಮಗೆ ಹಕ್ಕಿಗಳೇ ಮುಖ್ಯವೆಂದು ಬುಕಿಂಗ್ ಮಾಡುವಾಗಲೇ ತಿಳಿಸಿ, ಹಕ್ಕಿಗಳನ್ನು ಬಲ್ಲ ಗೈಡ್ ಬೇಕೆಂದು ಕೇಳಿ, ವಾಹನವನ್ನು ಅದೇ ಆಸಕ್ತಿಯವರೊಂದಿಗೆ ಮಾತ್ರ ಹಂಚಿಕೊಳ್ಳಿ. ಯಾವ ದುಬಾರಿ ಲೆನ್ಸಿಗಿಂತಲೂ ಇದರಿಂದಲೇ ಹೆಚ್ಚು ಪ್ರಯೋಜನವೆಂದು ನಾನು ನಂಬುತ್ತೇನೆ.

ಯುರೋಪ್ ಮತ್ತು ಏಷ್ಯಾದಿಂದ ವಲಸೆ ಬರುವ ಹಕ್ಕಿಗಳು ನವೆಂಬರಿನಿಂದ ಏಪ್ರಿಲ್‌ವರೆಗೆ ಅಲ್ಲಿರುತ್ತವೆ. ಫ್ಲೆಮಿಂಗೋಗಳಿಗಾಗಿ ನಕುರು ಸರೋವರವೊಂದನ್ನೇ ನಂಬಿಕೊಳ್ಳಬೇಡಿ. ಅಲ್ಲಿ ನೀರು ಏರಿ ಕ್ಷಾರದ ಅಂಶ ತಗ್ಗಿದಾಗ ಅವುಗಳ ಆಹಾರವಾದ ಪಾಚಿಯೂ ಕಡಿಮೆಯಾಗುವುದರಿಂದ ಹಿಂಡುಗಳು ಬೊಗೋರಿಯಾದಂಥ ಬೇರೆ ಸರೋವರಗಳಿಗೆ ಹೋಗಿಬಿಡುತ್ತವೆ. ಹೊರಡುವ ಮುನ್ನ ಸ್ಥಳೀಯರಿಂದ ವಿಚಾರಿಸಿ ತಿಳಿಯಿರಿ.

100–500 ಅಥವಾ 150–600 ಮಿ.ಮೀ. ಜೂಮ್ ಲೆನ್ಸ್ ಸಾಕು. ನೈರೋಬಿಯ ವಿಲ್ಸನ್ ನಿಲ್ದಾಣದಿಂದ ಹೊರಡುವ ಸಣ್ಣ ವಿಮಾನಗಳಲ್ಲಿ ಸಾಮಾನ್ಯವಾಗಿ 15 ಕಿಲೋ ಸಾಮಾನಿಗಷ್ಟೇ ಅವಕಾಶವಿರುವುದರಿಂದ ಲೆನ್ಸಿಗೆ ಆಧಾರವಾಗಿ ಇಡುವ ಬೀನ್‌ಬ್ಯಾಗ್ ಎಂಬ ಚೀಲವನ್ನು ಖಾಲಿಯಾಗಿ ಒಯ್ದು, ತಂಗುವಲ್ಲಿ ಅಕ್ಕಿಯನ್ನೋ ಕಾಳನ್ನೋ ತುಂಬಿಸಿಕೊಳ್ಳಿ. 2017ರಿಂದ ಅಲ್ಲಿ ಪ್ಲಾಸ್ಟಿಕ್ ಚೀಲಗಳಿಗೆ ನಿಷೇಧವಿದೆ. ಕ್ಯಾಮೆರಾವನ್ನು ಧೂಳಿನಿಂದ ಕಾಯಲು ಬಟ್ಟೆಯ ಚೀಲವಿರಲಿ.

ವಾಹನದ ತೆರೆದ ಛಾವಣಿಯಲ್ಲಿ ನಿಂತು ನೋಡುವುದು ಸುಖವೇ. ಆದರೆ ಅಷ್ಟು ಎತ್ತರದಿಂದ ತೆಗೆದ ಚಿತ್ರದಲ್ಲಿ ನೆಲದ ಹಕ್ಕಿ ಹುಲ್ಲಿಗೆ ಅಂಟಿಕೊಂಡಂತೆ ಕಾಣುತ್ತದೆ. ಕುಳಿತು, ಕಿಟಕಿಯ ಅಂಚಿನಲ್ಲಿ ಬೀನ್‌ಬ್ಯಾಗಿನ ಮೇಲೆ ಲೆನ್ಸ್ ಇಟ್ಟು ತೆಗೆದರೆ ಹಿನ್ನೆಲೆ ದೂರ ಸರಿದು ಮೃದುವಾಗುತ್ತದೆ. ಎಂಜಿನ್ ಮಾತ್ರ ಪೂರ್ತಿ ನಿಂತಿರಬೇಕು. ಉದ್ದ ಕಾಲುಗಳ ಬೇಟೆಹಕ್ಕಿಯಾದ ಸೆಕ್ರೆಟರಿ ಹಕ್ಕಿ ನಡೆಯುತ್ತಿರುವಾಗ ಅದನ್ನು ಹಿಂಬಾಲಿಸಿದರೆ ನಿಮಗೆ ಅದರ ಬೆನ್ನೇ ಕಾಣುತ್ತದೆ. ಅದು ಯಾವ ಕಡೆಗೆ ಹೋಗುತ್ತಿದೆಯೆಂದು ನೋಡಿಕೊಂಡು, ವಾಹನದ ದಾರಿಯಲ್ಲೇ ಮುಂದೆ ಹೋಗಿ ಕಾಯಿರಿ.

ಹಾರಾಟದ ಚಿತ್ರ ಕಲಿಯಲು ಲೈಲ್ಯಾಕ್ ಎದೆಯ ನೀಲಕಂಠಕ್ಕಿಂತ ಒಳ್ಳೆಯ ಹಕ್ಕಿ ನನಗೆ ತೋರುವುದಿಲ್ಲ. ಅದು ಕೊಂಬೆಯ ತುದಿಯಲ್ಲಿ ಕುಳಿತು, ಹುಳು ಕಂಡೊಡನೆ ನೆಲಕ್ಕೆರಗಿ, ಬಹಳ ಸಲ ಅದೇ ಕೊಂಬೆಗೆ ಮರಳುತ್ತದೆ. ಹಕ್ಕಿಗಳು ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಮೇಲೇಳುವುದರಿಂದ ಗಾಳಿ ಮತ್ತು ಬಿಸಿಲು ಎರಡೂ ನಿಮ್ಮ ಬೆನ್ನ ಹಿಂದಿರುವಂತೆ ವಾಹನ ನಿಲ್ಲಿಸಿದರೆ, ಅದು ನಿಮ್ಮತ್ತ ಮುಖ ಮಾಡಿ, ಬೆಳಕು ತುಂಬಿದ ರೆಕ್ಕೆ ಬಿಚ್ಚುತ್ತದೆ. ಶಟರ್ ವೇಗ ಸೆಕೆಂಡಿನ 2500ರಲ್ಲೊಂದು ಭಾಗವಿರಲಿ, ಚೌಕಟ್ಟಿನಲ್ಲಿ ರೆಕ್ಕೆಗಳಿಗೆ ಜಾಗವಿರಲಿ. ಹತ್ತು ಗಂಟೆಯ ಹೊತ್ತಿಗೆ ನೆಲದ ಕಾವಿಗೆ ಗಾಳಿ ನಡುಗತೊಡಗಿದರೆ ದೂರದ ಚಿತ್ರಗಳು ಯಾವ ಲೆನ್ಸಿನಲ್ಲೂ ಮಸುಕೇ. ಆಗ ಕ್ಯಾಂಪಿನ ಮರಗಳಲ್ಲಿರುವ ಗೀಜಗ, ಸೂರಕ್ಕಿಗಳನ್ನು ಹತ್ತಿರದಿಂದ ನೋಡಿ.

ನೈವಾಷಾ ಸರೋವರದಲ್ಲಿ ದೋಣಿಯಿಂದ ನೀರಿನ ಮಟ್ಟದಲ್ಲೇ ಚಿತ್ರ ತೆಗೆಯಬಹುದು. ರಂಗನತಿಟ್ಟಿನಲ್ಲಿ ಕಾಣುವ ಕಪ್ಪುಬಿಳುಪಿನ ಮಿಂಚುಳ್ಳಿಯೇ ಅಲ್ಲಿಯೂ ನೀರಿನ ಮೇಲೆ ನಿಂತಲ್ಲೇ ರೆಕ್ಕೆ ಬಡಿಯುತ್ತದೆ. ಆಫ್ರಿಕದ ಮೀನುಹದ್ದಿನ ಬಿಳಿಯ ತಲೆಯಲ್ಲಿ ಗರಿಗಳ ವಿವರ ಉಳಿಯಬೇಕಾದರೆ ಎಕ್ಸ್‌ಪೋಷರನ್ನು, ಅಂದರೆ ಚಿತ್ರಕ್ಕೆ ಬೀಳುವ ಬೆಳಕನ್ನು, ಮುಕ್ಕಾಲು ಸ್ಟಾಪಿನಷ್ಟು (ಸ್ಟಾಪ್ ಎಂದರೆ ಬೆಳಕಿನ ಅಳತೆ) ತಗ್ಗಿಸಿ. ಹದ್ದನ್ನು ಕರೆಯಲು ದೋಣಿಯವರು ಮೀನೆಸೆಯಲು ಹೊರಟರೆ ಬೇಡವೆಂದು ವಿನಯದಿಂದ ಹೇಳಿ, ಅದು ತಾನಾಗಿ ಬೇಟೆಗಿಳಿಯುವವರೆಗೆ ಕಾಯಿರಿ. ಧ್ವನಿಮುದ್ರಿತ ಕೂಗು ಕೇಳಿಸಿ ಹಕ್ಕಿಗಳನ್ನು ಸೆಳೆಯುವುದೂ, ಗೂಡಿನ ಬಳಿಗೆ ಹೋಗುವುದೂ ಬೇಡ.