ಕತ್ತಲಲ್ಲಿ ದಡ ಯಾವ ಕಡೆ? ಬೊನೇರ್‌ನಲ್ಲಿ ರಾತ್ರಿ ಡೈವ್ ಮಾಡುವವರಿಗೆ

ಬೊನೇರ್ ಕೆರಿಬಿಯನ್ ಸಮುದ್ರದ ಪುಟ್ಟ ದ್ವೀಪ. ವೆನೆಜುವೆಲಾದ ಉತ್ತರಕ್ಕಿದೆ, ನೆದರ್‌ಲ್ಯಾಂಡ್ಸ್‌ಗೆ ಸೇರಿದ್ದು. ನಾವು ಇರುವುದು ಅದೇ ದೇಶದ ಐಂಡ್‌ಹೋವನ್‌ನಲ್ಲಿ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ವಿಮಾನ ಹತ್ತಿದರೆ ನೇರ ಅಲ್ಲೇ ಇಳಿಯಬಹುದು. ನಾನು ಮತ್ತು ನನ್ನ ಗಂಡ ಐದು ಸಲ ಹೋಗಿ ಬಂದಿದ್ದೇವೆ.

ಅಲ್ಲಿ ಡೈವ್‌ಗೆ ದೋಣಿಯೇ ಬೇಡ. ಒಂದು ಪಿಕಪ್ ಬಾಡಿಗೆಗೆ ತೆಗೆದುಕೊಂಡು, ಹಿಂದೆ ಉಸಿರಾಟದ ಗಾಳಿಯ ಟ್ಯಾಂಕ್ ಹಾಕಿಕೊಂಡು ಹೊರಟರಾಯಿತು. ಪಶ್ಚಿಮ ಕರಾವಳಿಯ ರಸ್ತೆ ಬದಿಯಲ್ಲಿ ಹಳದಿ ಬಣ್ಣ ಬಳಿದ ಕಲ್ಲುಗಳಿರುತ್ತವೆ. ಒಂದೊಂದರ ಮೇಲೂ ಒಂದೊಂದು ಡೈವ್ ಜಾಗದ ಹೆಸರು. ಗಾಡಿ ನಿಲ್ಲಿಸಿ ನಡೆದುಕೊಂಡೇ ನೀರಿಗೆ ಇಳಿಯಬಹುದು, ಬೆಳಿಗ್ಗೆಯಾಗಲಿ ರಾತ್ರಿಯಾಗಲಿ. ಆದರೆ ನೀವು ವಾಪಸ್ ಬಂದಿರಾ ಇಲ್ಲವಾ ಅಂತ ತಲೆ ಎಣಿಸುವವರು ಯಾರೂ ಇರುವುದಿಲ್ಲ. ನಾನು ಮೊದಲ ಸಲ ನೀರಿನೊಳಗೆ ಉಸಿರಾಡಿದ್ದು ನೇತ್ರಾಣಿಯಲ್ಲಿ. ಮುರುಡೇಶ್ವರದಿಂದ ದೋಣಿ, ಹಗಲು ಹೊತ್ತು, ಪಕ್ಕದಲ್ಲೇ ಕೈ ಹಿಡಿದುಕೊಂಡ ಇನ್‌ಸ್ಟ್ರಕ್ಟರ್. ಬೊನೇರ್‌ನಲ್ಲಿ ರಾತ್ರಿ ಆ ಎಲ್ಲ ಕೆಲಸ ನಿಮ್ಮದೇ.

ಡೈವಿಂಗ್ ಸರ್ಟಿಫಿಕೇಟ್ ಇದ್ದು, ಗೈಡ್ ಜೊತೆ ಒಂದೆರಡು ರಾತ್ರಿ ಡೈವ್ ಮಾಡಿ, ಈಗ ತಾವೇ ಇಬ್ಬರು ಇಳಿಯೋಣ ಅನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅಷ್ಟು ಆಗಿಲ್ಲದಿದ್ದರೆ ಮೊದಲು ಗೈಡ್ ಜೊತೆ ಹೋಗಿ ಬನ್ನಿ.

ಹಗಲಲ್ಲಿ ಒಮ್ಮೆ ಇಳಿಯಿರಿ

ಹಗಲಲ್ಲಿ ನೋಡದ ಜಾಗಕ್ಕೆ ರಾತ್ರಿ ಇಳಿಯಬೇಡಿ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ನಿಯಮ ಇದು. ಟಾರ್ಚ್ ಬೆಳಕಿನಲ್ಲಿ ನಿಮಗೆ ಕಾಣುವುದು ಕೆಲವೇ ಮೀಟರ್. ಆ ಬೆಳಕಿನ ಆಚೆ ಏನಿದೆ ಅನ್ನುವುದು ಆಗಲೇ ತಲೆಯಲ್ಲಿ ಇರಬೇಕು.

ಬೊನೇರ್‌ನ ಸುತ್ತಲಿನ ಸಮುದ್ರ 1979ರಿಂದ ಸಂರಕ್ಷಿತ ಪ್ರದೇಶ. ಸ್ಟಿನಾಪಾ ಅನ್ನುವ ಸಂಸ್ಥೆ ಅದನ್ನು ನೋಡಿಕೊಳ್ಳುತ್ತದೆ. ಬಂದವರೆಲ್ಲ ಶುಲ್ಕ ಕಟ್ಟಿ, ನಿಯಮ ಕೇಳಿ, ಮೊದಲು ಒಂದು ಪರಿಚಯದ ಡೈವ್ ಮಾಡಲೇಬೇಕು. ಆ ಡೈವ್ ಮಾಡಿದ ಜಾಗದಲ್ಲೇ ಮೊದಲ ರಾತ್ರಿ ಡೈವ್ ಇಟ್ಟುಕೊಳ್ಳಿ. ಊರೊಳಗಿನ ಟೌನ್ ಪಿಯರ್ ಅನ್ನುವ ಹಡಗುಕಟ್ಟೆಯ ಕೆಳಗೆ ರಾತ್ರಿ ನೋಡುವುದಕ್ಕೆ ಬಹಳ ಚೆನ್ನಾಗಿದೆ. ಆದರೆ ಅದು ಹಡಗು ಬರುವ ಜಾಗ. ಅನುಮತಿ ತೆಗೆದುಕೊಂಡು ಗೈಡ್ ಜೊತೆಯೇ ಹೋಗಬೇಕು.

ಪಶ್ಚಿಮ ಕರಾವಳಿಯ ತಳ ಹೆಚ್ಚುಕಮ್ಮಿ ಎಲ್ಲ ಕಡೆ ಒಂದೇ ರೀತಿ. ದಡದಿಂದ ಸ್ವಲ್ಪ ದೂರ ಸಪಾಟು, ಮರಳು ಮತ್ತು ಮುರಿದ ಹವಳದ ಚೂರು. 8–10 ಮೀಟರ್ ಆಳ ಬರುವ ಹೊತ್ತಿಗೆ ಹವಳದ ಇಳಿಜಾರು ಶುರುವಾಗಿ 30 ಮೀಟರ್‌ವರೆಗೆ ಇಳಿಯುತ್ತದೆ. ಆ ಅಂಚು ನಿಮ್ಮ ರಸ್ತೆ ಇದ್ದ ಹಾಗೆ. ಪಶ್ಚಿಮಕ್ಕೆ ಮುಖ ಮಾಡಿ ಹೋಗಿ, ಅಂಚು ಸಿಕ್ಕ ಮೇಲೆ ದಕ್ಷಿಣಕ್ಕೆ ತಿರುಗಿದರೆ ಹವಳ ಎಡಭುಜಕ್ಕೆ ಇರುತ್ತದೆ. ವಾಪಸ್ ಬರುವಾಗ ಬಲಭುಜಕ್ಕೆ.

ಹಗಲಿನ ಡೈವ್‌ನಲ್ಲಿ ನಾನು ಮುಖ್ಯವಾಗಿ ಒಂದು ವಿಷಯ ಗಟ್ಟಿ ಮಾಡಿಕೊಳ್ಳುತ್ತೇನೆ. ದಡದಿಂದ ಹೋದಾಗ ಅಂಚು ಸಿಗುವ ಜಾಗದಲ್ಲಿ ಏನಿದೆ? ಆಳ ಎಷ್ಟು? ನೀರಿನ ಮೇಲೆ ತೇಲುವ, ದೋಣಿ ಕಟ್ಟುವ ಬೂಯಿಯ ಹಗ್ಗ ಇದ್ದರೆ ಅದಕ್ಕಿಂತ ಒಳ್ಳೆ ಗುರುತು ಇಲ್ಲ. ಹಗ್ಗ ಎಲ್ಲಿ ತಳ ಮುಟ್ಟುತ್ತದೆ, ಅಲ್ಲಿ ಆಳ ಎಷ್ಟು ಅಂತ ನೀರಿನೊಳಗೆ ಬರೆಯುವ ಸ್ಲೇಟ್ ಮೇಲೆ ಬರೆದುಕೊಳ್ಳಿ. ಬರೀ ಹವಳದ ಬಂಡೆಯನ್ನು ಗುರುತು ಇಟ್ಟುಕೊಂಡರೆ ರಾತ್ರಿ ಎಲ್ಲವೂ ಒಂದೇ ಥರ ಕಾಣುತ್ತದೆ.

ದಿಕ್ಸೂಚಿ ಮತ್ತು ಎರಡು ದೀಪ

ನೀರಿಗೆ ಇಳಿಯುವ ಮೊದಲು, ದಡದಲ್ಲೇ, ಸಮುದ್ರಕ್ಕೆ ನೇರ ಮುಖ ಮಾಡಿ ನಿಂತು ದಿಕ್ಸೂಚಿ ನೋಡಿ. ದ್ವೀಪ ನೆಟ್ಟಗಿಲ್ಲ, ಬಾಗಿದೆ. ಹಾಗಾಗಿ 'ಪಶ್ಚಿಮ ಅಂದರೆ 270' ಅಂತ ಸುಮ್ನೆ ಅಂದುಕೊಳ್ಳಬೇಡಿ. ಒಂದು ಜಾಗದಲ್ಲಿ 250 ಬರುತ್ತದೆ, ಇನ್ನೊಂದರಲ್ಲಿ 290. ಹೋಗುವುದು 250 ಆದರೆ ವಾಪಸ್ಸು 70. ಅಂಕಿ 180ಕ್ಕಿಂತ ದೊಡ್ಡದಿದ್ದರೆ 180 ಕಳೆಯಿರಿ, ಚಿಕ್ಕದಿದ್ದರೆ ಕೂಡಿಸಿ. ಈ ಲೆಕ್ಕ ದಡದಲ್ಲೇ ಮಾಡಿ. ಇಬ್ಬರೂ ಸ್ಲೇಟ್ ಮೇಲೆ ಬರೆದುಕೊಂಡು ಒಬ್ಬರದು ಇನ್ನೊಬ್ಬರು ನೋಡಿ.

ಇಲ್ಲಿ ಒಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಎಷ್ಟೋ ಡೈವ್ ಟಾರ್ಚ್‌ಗಳ ಸ್ವಿಚ್ಚಿನಲ್ಲಿ ಆಯಸ್ಕಾಂತ ಇರುತ್ತದೆ. ಮನೆಯಲ್ಲೇ ನೋಡಿ. ದಿಕ್ಸೂಚಿಯನ್ನು ಊಟದ ಮೇಜಿನ ಮೇಲಿಟ್ಟು, ಟಾರ್ಚನ್ನು ನಿಧಾನವಾಗಿ ಹತ್ತಿರ ತನ್ನಿ. ನನ್ನ ಟಾರ್ಚ್ ಒಂದು ಗೇಣು ದೂರ ಇದ್ದಾಗ ಮುಳ್ಳು ಸ್ವಲ್ಪ ನಡುಗಿತು. ನಾಲ್ಕು ಬೆರಳಿನಷ್ಟು ಹತ್ತಿರ ಬಂದಾಗ ಪೂರ್ತಿ ಪಕ್ಕಕ್ಕೆ ತಿರುಗಿ ನಿಂತಿತು! ಎಡಗೈ ಮಣಿಕಟ್ಟಿನಲ್ಲಿ ದಿಕ್ಸೂಚಿ, ಅದೇ ಕೈಯಲ್ಲಿ ಟಾರ್ಚ್ ಹಿಡಿದುಕೊಂಡು ಎರಡು ವರ್ಷ ಡೈವ್ ಮಾಡಿದ್ದೆ. ಈಗ ಟಾರ್ಚ್ ಬಲಗೈಯಲ್ಲಿ, ದಿಕ್ಸೂಚಿ ಎಡಗೈಯಲ್ಲಿ. ದಿಕ್ಕು ನೋಡುವಾಗ ಬಲಗೈ ದೂರ ಚಾಚಿ, ಮೇಲಿನಿಂದ ಬೆಳಕು ಬಿಡುತ್ತೇನೆ.

ನಮ್ಮೂರು ಹೊನ್ನಾವರದ ಹತ್ತಿರ. ಸೋದರಮಾವ ಮೀನಿಗೆ ಹೋಗಿ ರಾತ್ರಿ ದೋಣಿ ತರುವಾಗ ದಡದ ಎರಡು ದೀಪ ನೋಡಿಕೊಂಡು ಅಳಿವೆ ಹೊಗುತ್ತಿದ್ದರು. "ತಂಗೀ, ಎರಡು ದೀಪ ಒಂದೇ ಗೆರೆಗೆ ಬಂದ್ರೆ ದಾರಿ ಸರಿ ಅಂತ ಲೆಕ್ಕ" ಅನ್ನುತ್ತಿದ್ದರು. ಬೊನೇರ್‌ನಲ್ಲಿ ನಾನು ಅದನ್ನೇ ಮಾಡುತ್ತೇನೆ. ಒಂದು ದೀಪ ಗಾಡಿಯ ಒಳಗೆ, ಗಾಜಿನ ಹಿಂದೆ. ಇನ್ನೊಂದು ಅದರ ಹಿಂದೆ ದೂರದಲ್ಲಿ ಇರುವ ಬೀದಿದೀಪ. ಮೇಲೆ ಬಂದು ನೋಡಿದಾಗ ಎರಡೂ ಒಂದೇ ಗೆರೆಯಲ್ಲಿದ್ದರೆ ನಾವು ಇಳಿದ ಜಾಗದ ಎದುರಿಗೇ ಇದ್ದೇವೆ. ಯಾರದೋ ಮನೆಯ ಜಗಲಿ ದೀಪವನ್ನು ಗುರುತು ಇಟ್ಟುಕೊಳ್ಳಬೇಡಿ. ನೀವು ಕೆಳಗಿರುವಾಗ ಅವರು ದೀಪ ಆರಿಸಿ ಮಲಗಬಹುದು. ಮರಳಿನ ದಡದಲ್ಲಿ ದೀಪ ಇಡಲೂ ಬೇಡಿ. ಅಲ್ಲಿ ಕಡಲಾಮೆಗಳು ಮೊಟ್ಟೆ ಇಡುತ್ತವೆ, ಮರಿಗಳು ಬೆಳಕು ನೋಡಿ ದಾರಿ ತಪ್ಪುತ್ತವೆ.

ಏನೇನು ಇರಬೇಕು

ಒಬ್ಬೊಬ್ಬರಿಗೂ ಎರಡು ಟಾರ್ಚ್, ಟ್ಯಾಂಕಿನ ತಲೆಗೆ ಕಟ್ಟುವ ಒಂದು ಪುಟ್ಟ ಬ್ಯಾಟರಿ ದೀಪ. ಮುರಿದು ಹೊಳೆಸುವ ಕೆಮಿಕಲ್ ಕಡ್ಡಿ ಅಲ್ಲಿ ನಿಷಿದ್ಧ. ಗ್ಲವ್ಸ್ ಕೂಡ ನಿಷಿದ್ಧ, ಹವಳ ಮುಟ್ಟಬಾರದು ಅಂತ. ದಪ್ಪ ಅಡಿಯ ಬೂಟು, ಪೂರ್ತಿ ಕೈಕಾಲು ಮುಚ್ಚುವ ಸೂಟು, ಸಿಳ್ಳೆ, ಗಾಳಿ ತುಂಬುವ ಉದ್ದ ಬೂಯಿ. ಅಷ್ಟು ಸಾಕು. ಎಲ್ಲಿ ಇಳಿಯುತ್ತಿದ್ದೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಅಂತ ಉಳಿದುಕೊಂಡ ಕಡೆ ಯಾರಿಗಾದರೂ ಹೇಳಿ ಹೋಗಿ.

ಇಳಿಯುವುದು

ಬೊನೇರ್ ಇರುವುದು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಹೆಚ್ಚುಕಮ್ಮಿ ನಮ್ಮ ಮಡಿಕೇರಿ ಇರುವಲ್ಲೇ. ಹಾಗಾಗಿ ಊರಿನ ಹಾಗೇ ಸೂರ್ಯ ಮುಳುಗಿದ ಮೇಲೆ ಬೇಗ ಕತ್ತಲಾಗುತ್ತದೆ. ಯುರೋಪಿನ ಬೇಸಿಗೆಯ ಉದ್ದ ಸಂಜೆ ರೂಢಿಯಾದವರು ಇದನ್ನು ಮರೆಯುತ್ತಾರೆ. ನಾವು ಬೆಳಕಿರುವಾಗಲೇ ನೀರಿಗೆ ಇಳಿದು, ಕತ್ತಲು ನಮ್ಮ ಮೇಲೆ ಬರಲಿ ಅಂತ ಬಿಡುತ್ತೇವೆ. ಅಂಚಿನ ಗುರುತು ಹಗಲ ಬೆಳಕಲ್ಲೇ ಸಿಕ್ಕಿಬಿಡುತ್ತದೆ.

ಅಂಚಿಗೆ ಬಂದ ಮೇಲೆ ಒಂದು ನಿಮಿಷ ಸುಮ್ಮನೆ ತೇಲಿ. ನೀರಿನಲ್ಲಿನ ಪುಡಿ ಯಾವ ಕಡೆ ಹೋಗುತ್ತಿದೆ? ಬೀಸಣಿಗೆಯಂಥ ಹವಳ ಯಾವ ಕಡೆ ಬಾಗಿದೆ? ಹರಿವು ಎಲ್ಲಿಂದ ಬರುತ್ತಿದೆಯೋ ಆ ಕಡೆಗೇ ಮೊದಲು ಹೋಗಿ. ವಾಪಸ್ ಬರುವಾಗ ದಣಿದಿರುತ್ತೀರಿ, ಆಗ ಹರಿವು ನಿಮ್ಮನ್ನು ತರಬೇಕು. ಬೂಯಿ ಹಗ್ಗ ಇದ್ದರೆ ನಾವು ಅದಕ್ಕೆ ಒಂದು ಪುಟ್ಟ ದೀಪ ಸಿಕ್ಕಿಸಿ ಹೋಗುತ್ತೇವೆ, ಬರುವಾಗ ಬಿಚ್ಚಿಕೊಳ್ಳುತ್ತೇವೆ.

ಆಳ 15 ಮೀಟರ್ ದಾಟುವುದಿಲ್ಲ. ಟ್ಯಾಂಕಿನ ಗಾಳಿಯ ಒತ್ತಡ 200 ಬಾರ್ ಇಂದ ಶುರುವಾದರೆ, ಇಬ್ಬರಲ್ಲಿ ಯಾರದಾದರೂ 130 ಮುಟ್ಟಿದ ತಕ್ಷಣ ತಿರುಗುತ್ತೇವೆ. ಎಂಥ ಆಕ್ಟೋಪಸ್ ಕಂಡರೂ ಸರಿ. ತಿರುಗುವ ಜಾಗದಲ್ಲಿ ಸಮಯವನ್ನೂ ನೋಡಿಕೊಳ್ಳಿ. 20 ನಿಮಿಷ ಹೋಗಿದ್ದರೆ ವಾಪಸ್ಸಿಗೂ ಸುಮಾರು ಅಷ್ಟೇ, ಹರಿವು ಇದ್ದರೆ ಕಡಿಮೆ. ತಿರುಗಿ 12 ನಿಮಿಷ ಆದ ಮೇಲೆ ಗುರುತು ಹುಡುಕುವುದಕ್ಕೆ ಶುರು ಮಾಡಿ. ಎಷ್ಟೋ ಜನ ತಮ್ಮ ಜಾಗ ದಾಟಿ ಮುಂದೆ ಹೋಗುವುದು ಹಾಗೆ ಮೊದಲೇ ಹುಡುಕದೆ.

ಮಾತು ಟಾರ್ಚಿನಲ್ಲಿ. ತಳದ ಮೇಲೆ ನಿಧಾನ ವೃತ್ತ ಬರೆದರೆ 'ಸರಿ ಇದ್ದೀನಿ'. ಪಟಪಟ ಅಂತ ಅಡ್ಡಡ್ಡ ಆಡಿಸಿದರೆ 'ಇಲ್ಲಿ ನೋಡು, ತೊಂದರೆ'. ಕೈಸನ್ನೆ ಮಾಡುವುದಿದ್ದರೆ ನಿಮ್ಮ ಕೈ ಮೇಲೇ ಬೆಳಕು ಬಿಟ್ಟುಕೊಳ್ಳಿ, ಎದುರಿನವರ ಕಣ್ಣಿಗೆ ಬಿಡಬೇಡಿ. ಟಾರ್ಪನ್ ಅನ್ನುವ ಬೆಳ್ಳಿ ಬಣ್ಣದ ದೊಡ್ಡ ಮೀನು, ಒಬ್ಬ ಮನುಷ್ಯನಷ್ಟು ಉದ್ದ, ನಿಮ್ಮ ಹಿಂದಿನಿಂದ ಬಂದು ನಿಮ್ಮ ಬೆಳಕಲ್ಲೇ ಬೇಟೆ ಆಡುತ್ತದೆ. ಮೊದಲ ಸಲ ಎದೆ ಧಸಕ್ ಅನ್ನುತ್ತದೆ. ಅದು ನಿಮಗೇನೂ ಮಾಡುವುದಿಲ್ಲ. ಗಾಬರಿಯಲ್ಲಿ ದಿಕ್ಕು ಬದಲಾಯಿಸದಿದ್ದರೆ ಸಾಕು.

ಏಂಜಲ್ ಸಿಟಿಯಲ್ಲಿ ಆದದ್ದು

ದ್ವೀಪದ ದಕ್ಷಿಣ ಭಾಗದಲ್ಲಿ ಕೆಲವು ಕಡೆ ಎರಡು ಹವಳದ ಸಾಲುಗಳಿವೆ. ದಡದ ಕಡೆ ಒಂದು, ಆಮೇಲೆ ಮರಳಿನ ಕಾಲುವೆ, ಅದರಾಚೆ ಇನ್ನೊಂದು. ಏಂಜಲ್ ಸಿಟಿ ಅಂಥ ಜಾಗ. ಮೂರನೇ ಸಲ ಹೋದಾಗ ಅಲ್ಲಿ ರಾತ್ರಿ ಇಳಿದೆವು. ಒಂದು ಆಮೆಯ ಹಿಂದೆ ಹೋಗುತ್ತಾ ಕಾಲುವೆ ದಾಟಿದ್ದು ನಮಗೆ ಗೊತ್ತೇ ಆಗಲಿಲ್ಲ. ತಿರುಗಿದೆವು, ಹವಳ ಬಲಕ್ಕೆ ಇಟ್ಟುಕೊಂಡೆವು. ಎಲ್ಲ ಸರಿಯಾಗಿಯೇ ಇದೆ ಅನ್ನಿಸುತ್ತಿತ್ತು. ಬರಬೇಕಾದ ಗುರುತು ಮಾತ್ರ ಬರಲಿಲ್ಲ.

ಸರಿ, ದಡದ ಕಡೆ ಹೋಗೋಣ ಅಂತ ಪೂರ್ವಕ್ಕೆ ತಿರುಗಿದೆ. ಹವಳದ ಬೆನ್ನು ದಾಟಿದ ಮೇಲೆ ಆಳ ತೋರಿಸುವ ಡೈವ್ ಕಂಪ್ಯೂಟರ್ ನೋಡಿದರೆ ಆಳ 14, ಆಮೇಲೆ 15, ಆಮೇಲೆ 17. ದಡಕ್ಕೆ ಹೋಗುತ್ತಿದ್ದರೆ ಆಳ ಕಡಿಮೆ ಆಗಬೇಕು, ಅಲ್ವಾ? ಆ ಕ್ಷಣ ದಿಕ್ಸೂಚಿಯೇ ಕೆಟ್ಟಿದೆ ಅಂತ ನನಗೆ ಖಂಡಿತ ಅನ್ನಿಸಿತು. ತಿರುಗಿ ಆಚೆ ಕಡೆ ಹೋಗಿಬಿಡಬೇಕು ಅಂತ ಕಾಲು ಎಳೆಯುತ್ತಿತ್ತು. ಆಚೆ ಕಡೆ ಅಂದರೆ ತೆರೆದ ಸಮುದ್ರ.

ಗಂಡ ತನ್ನ ದಿಕ್ಸೂಚಿಯನ್ನು ನನ್ನ ಮಾಸ್ಕಿನ ಹತ್ತಿರ ತಂದು ಹಿಡಿದ. ಎರಡೂ ಮುಳ್ಳು ಒಂದೇ ಕಡೆ ತೋರಿಸುತ್ತಿದ್ದವು. ಎರಡು ದಿಕ್ಸೂಚಿ ಒಟ್ಟಿಗೆ ಕೆಡುವುದಿಲ್ಲ. ಆಗ ತಲೆಗೆ ಹೊಳೆಯಿತು, ನಾವು ಹೊರಗಿನ ಸಾಲಿನಲ್ಲಿದ್ದೇವೆ, ಈಗ ಕಾಲುವೆಗೆ ಇಳಿಯುತ್ತಿದ್ದೇವೆ. ತಳ ಬಿಟ್ಟು ಸ್ವಲ್ಪ ಮೇಲೆ ಬಂದು, ಮುಳ್ಳನ್ನು ಬಿಟ್ಟು ಬೇರೇನೂ ನೋಡದೆ ಕಾಲು ಹೊಡೆದೆವು. ಬರೀ ಕಪ್ಪು. ಆಮೇಲೆ ಕೆಳಗಿನಿಂದ ಬಿಳಿ ಮರಳು ಏರಿ ಬಂತು, ಅದರ ಹಿಂದೆಯೇ ಹವಳ. ದಡದಲ್ಲಿ ಕೂತ ಮೇಲೆ "ಕೈ ನಡುಗ್ತಿದೆ ಕಣೋ" ಅಂದೆ. "ನಂದೂ" ಅಂದ.

ಎರಡು ಸಾಲಿರುವ ಜಾಗದಲ್ಲಿ ರಾತ್ರಿ ಮರಳಿನ ಕಾಲುವೆ ಮುಟ್ಟಬೇಡಿ. ಅಲ್ಲೇ ತಿರುಗಿ.

ದಾರಿ ತಪ್ಪಿತು ಅನ್ನಿಸಿದರೆ

ಮೊದಲು ನಿಲ್ಲಿ, ಉಸಿರು ನಿಧಾನ ಮಾಡಿ. ಟ್ಯಾಂಕಿನಲ್ಲಿ ಗಾಳಿ ಎಷ್ಟಿದೆ ನೋಡಿ. ಆಮೇಲೆ ಇಬ್ಬರ ದಿಕ್ಸೂಚಿಯನ್ನೂ ಹೋಲಿಸಿ ದಡದ ದಿಕ್ಕಿಗೆ ತಿರುಗಿ. ಇಳಿಜಾರಿನ ಏರುವ ಕಡೆಯೇ ದಡ, ಒಂಟಿ ಸಾಲಿನ ಜಾಗವಾದರೆ. ಸಪಾಟು ಮರಳಿನ ಮೇಲಿದ್ದರೆ ಮರಳಿನ ಗೆರೆಗಳು ಸಾಮಾನ್ಯವಾಗಿ ದಡಕ್ಕೆ ಸಮನಾಗಿ ಇರುತ್ತವೆ, ಅವನ್ನು ಅಡ್ಡ ದಾಟಿ ಹೋಗಬೇಕು.

ಇಷ್ಟಾದರೂ ಗೊತ್ತಾಗದಿದ್ದರೆ 5 ಮೀಟರ್‌ನಲ್ಲಿ 3 ನಿಮಿಷ ನಿಂತು, ಟಾರ್ಚ್ ಮೇಲಕ್ಕೆ ಹಿಡಿದುಕೊಂಡು ಮೇಲೆ ಬನ್ನಿ. ದೀಪಗಳನ್ನು ನೋಡಿ, ಅವುಗಳ ದಿಕ್ಕನ್ನು ದಿಕ್ಸೂಚಿಯಲ್ಲಿ ಹಿಡಿಯಿರಿ. ಆದರೆ ಮೇಲೆ ಜಾಸ್ತಿ ಹೊತ್ತು ತೇಲಬೇಡಿ. ಬೊನೇರ್‌ನಲ್ಲಿ ಗಾಳಿ ವರ್ಷದ ಬಹುಪಾಲು ಪೂರ್ವದಿಂದ ಬೀಸುತ್ತದೆ. ದಡದ ಹತ್ತಿರ ನೀರು ಕೆರೆಯ ಹಾಗೆ ಶಾಂತವಾಗಿ ಕಾಣುವುದೂ ಅದಕ್ಕೇ, ಮೇಲೆ ತೇಲುವವರನ್ನು ಸಮುದ್ರದ ಕಡೆಗೆ ತಳ್ಳುವುದೂ ಅದೇ ಗಾಳಿ. ಟ್ಯಾಂಕಿನಲ್ಲಿ ಗಾಳಿ ಇದ್ದರೆ ಮತ್ತೆ 3 ಮೀಟರ್ ಇಳಿದು ಹಿಡಿದ ದಿಕ್ಕಿನಲ್ಲೇ ಈಜಿ. ಇಲ್ಲದಿದ್ದರೆ ಬೂಯಿ ಊದಿ, ಟಾರ್ಚ್ ಅದರೊಳಕ್ಕೆ ತಿರುಗಿಸಿ ಹಿಡಿಯಿರಿ, ದೂರಕ್ಕೆ ಕಾಣುತ್ತದೆ. ಅಂಗಾತ ಮಲಗಿ ದಡದ ಕಡೆ ಕಾಲು ಹೊಡೆಯಿರಿ. ಬೇರೆ ಜಾಗದಲ್ಲಿ ದಡ ಸೇರಿದರೂ ಪರವಾಗಿಲ್ಲ, ರಸ್ತೆಯಲ್ಲಿ ಗಾಡಿವರೆಗೆ ನಡೆಯಬಹುದು.

ದಡ ಹತ್ತುವಾಗ ಅವಸರ ಬೇಡ. ಉದ್ದ ಮುಳ್ಳಿನ ಸೀ ಅರ್ಚಿನ್‌ಗಳು ರಾತ್ರಿ ಬಿಲದಿಂದ ಹೊರಗೆ ಬಂದಿರುತ್ತವೆ. ಟಾರ್ಚ್ ಬಿಟ್ಟು ನೋಡದೆ ಕೈ ಊರಬೇಡಿ, ಕಾಲೂ ಇಡಬೇಡಿ.

ಟಾರ್ಚ್ ಆರಿಸುವ ಮೊದಲು

ಹುಣ್ಣಿಮೆ ಕಳೆದು ಎರಡರಿಂದ ಐದು ದಿನದೊಳಗೆ ಹೋಗುವಂತಿದ್ದರೆ ಹೋಗಿ. ಸೂರ್ಯ ಮುಳುಗಿ ಮುಕ್ಕಾಲು ಗಂಟೆಯ ಹೊತ್ತಿಗೆ, ಚಂದ್ರ ಇನ್ನೂ ಬಂದಿರುವುದಿಲ್ಲ, ಕಡಿಮೆ ಆಳದಲ್ಲಿ ಆಸ್ಟ್ರಕಾಡ್ ಅನ್ನುವ ಎಳ್ಳಿನಷ್ಟು ಸಣ್ಣ ಜೀವಿಗಳು ಹೆಣ್ಣನ್ನು ಕರೆಯುವುದಕ್ಕೆ ನೀಲಿ ಬೆಳಕಿನ ಚುಕ್ಕಿ ಬಿಡುತ್ತಾ ಮೇಲೇರುತ್ತವೆ. ಒಂದರ ಮೇಲೊಂದು ಚುಕ್ಕಿ, ಮುತ್ತು ಪೋಣಿಸಿದ ಹಾಗೆ. ಒಂದು ಸರ ಮುಗಿಯುವಷ್ಟರಲ್ಲಿ ಪಕ್ಕದಲ್ಲಿ ಇನ್ನೊಂದು.

ಅದನ್ನು ನೋಡಬೇಕಾದರೆ ಟಾರ್ಚ್ ಪೂರ್ತಿ ಆರಿಸಬೇಕು. ನಾವು ಬೂಯಿ ಹಗ್ಗದ ಪಕ್ಕ ಬಂದು ನಿಲ್ಲುತ್ತೇವೆ. ಇಬ್ಬರೂ ದಿಕ್ಸೂಚಿ ನೋಡುತ್ತೇವೆ. ದಡ ಯಾವ ಕಡೆ ಅಂತ ಇಬ್ಬರೂ ಕೈ ಚಾಚಿ ತೋರಿಸುತ್ತೇವೆ. ಎರಡು ಕೈಯೂ ಒಂದೇ ಕಡೆ ಇದ್ದರೆ ಮಾತ್ರ, ಮೊದಲು ಅವನ ಟಾರ್ಚ್, ಆಮೇಲೆ ನನ್ನದು.