ಗೇಟಿನ ಪುಸ್ತಕ ಕೋರ್ಟಿಗೆ ಹೋದರೆ: ಷರಾ ಬರೆಯುವ ಕ್ರಮ

ಕಾರ್ಖಾನೆಯ ಗೇಟು, ಅಪಾರ್ಟ್‌ಮೆಂಟಿನ ಸೆಕ್ಯುರಿಟಿ ಕೋಣೆ, ಆಸ್ಪತ್ರೆಯ ತುರ್ತು ವಿಭಾಗದ ಬಾಗಿಲು, ಎಲ್ಲಿ ನೋಡಿದರೂ ಒಂದು ಉದ್ದನೆಯ ರಿಜಿಸ್ಟರ್ ಇದ್ದೇ ಇರುತ್ತದೆ. ಬಹಳಷ್ಟು ದಿನ ಅದರಲ್ಲಿರುವುದು ‘ಎಲ್ಲ ಸರಿಯಿದೆ’ ಎಂಬ ಒಂದೇ ಸಾಲಿನ ಷರಾ, ಅಂದರೆ ಟಿಪ್ಪಣಿ. ಕಳವೋ ಹೊಡೆದಾಟವೋ ಅಪಘಾತವೋ ಆದ ದಿನ ಆ ಪುಸ್ತಕಕ್ಕೆ ಬೆಲೆ ಬರುತ್ತದೆ. ಮೊದಲು ಮ್ಯಾನೇಜರ್ ಕೇಳುತ್ತಾರೆ, ಆಮೇಲೆ ಪೊಲೀಸರು, ವರ್ಷಗಳು ಕಳೆದ ಮೇಲೆ ಎದುರು ಪಕ್ಷದ ವಕೀಲರು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 162ನೇ ಕಲಂ ಪ್ರಕಾರ, ಸಾಕ್ಷಿದಾರರು ತಾವೇ ಬರೆದಿಟ್ಟದ್ದನ್ನು ಕಟಕಟೆಯಲ್ಲಿ ನಿಂತು ನೋಡಿ ನೆನಪು ತಾಜಾ ಮಾಡಿಕೊಳ್ಳಬಹುದು. 1872ರ ಹಳೆಯ ಕಾಯ್ದೆಯಲ್ಲೂ ಇದೇ ಅವಕಾಶವಿತ್ತು. ಆದರೆ ಅದು ಘಟನೆ ನಡೆದಾಗಲೇ ಬರೆದದ್ದಾಗಿರಬೇಕು, ಇಲ್ಲವೇ ನೆನಪು ಇನ್ನೂ ಹಸಿಯಾಗಿತ್ತೆಂದು ನ್ಯಾಯಾಲಯಕ್ಕೆ ಅನ್ನಿಸುವಷ್ಟು ಬೇಗ ಬರೆದದ್ದಾಗಿರಬೇಕು. ಪಾಳಿ ಮುಗಿಸಿ, ಮನೆಗೆ ಹೋಗಿ, ಮರುದಿನ ಸೂಪರ್‌ವೈಸರ್ ಹೇಳಿದಂತೆ ಬರೆದರೆ ಈ ಬಲ ಉಳಿಯುವುದಿಲ್ಲ.

ಮೊದಲು ಪುಸ್ತಕ

ಬೈಂಡ್ ಮಾಡಿದ ರಿಜಿಸ್ಟರನ್ನೇ ತನ್ನಿ. ಬಿಡಿ ಹಾಳೆ, ಸ್ಪೈರಲ್ ಪುಸ್ತಕ ಬೇಡ, ಹಾಳೆ ಕಿತ್ತರೆ ಗೊತ್ತೇ ಆಗುವುದಿಲ್ಲ. ಬರೆಯಲು ಆರಂಭಿಸುವ ಮೊದಲೇ ಎಲ್ಲ ಪುಟಕ್ಕೂ ನಂಬರ್ ಹಾಕಿ, ಒಟ್ಟು ಎಷ್ಟು ಪುಟ ಎಂದು ಮೊದಲ ಪುಟದಲ್ಲಿ ನಮೂದಿಸಿ, ಜವಾಬ್ದಾರಿ ಹೊತ್ತವರ ಸಹಿ, ಮೊಹರು ಹಾಕಿಸಿ. ಬಾಲ್‌ಪೆನ್ ಬಳಸಿ, ಮಳೆಯ ಹನಿ ಬಿದ್ದರೆ ಜೆಲ್ ಪೆನ್ನಿನ ಅಕ್ಷರ ಹರಡಿಕೊಳ್ಳುತ್ತದೆ.

ಯಾವ ಭಾಷೆಯಲ್ಲಿ ಬರೆಯಬೇಕು? ಬರೆಯುವವರಿಗೆ ಬರುವ ಭಾಷೆಯಲ್ಲಿ. ಬೆಂಗಳೂರಿನ ಎಷ್ಟೋ ಗೇಟುಗಳಲ್ಲಿ ಒಡಿಶಾ, ಅಸ್ಸಾಂ ಕಡೆಯ ಹುಡುಗರಿದ್ದಾರೆ. ಅವರ ಕೈಯಲ್ಲಿ ಬಲವಂತದ ಇಂಗ್ಲಿಷ್ ಬರೆಸುವ ಏಜೆನ್ಸಿಗಳ ಚಾಳಿ ನನಗಂತೂ ಅರ್ಥವಾಗಿಲ್ಲ. ತಪ್ಪು ಇಂಗ್ಲಿಷಿಗಿಂತ ಸರಿಯಾದ ಹಿಂದಿ ಮೇಲು, ಅನುವಾದ ಆಮೇಲೆ ಮಾಡಿಸಬಹುದು. ಬರೆಯಲು ಕಷ್ಟವಿದ್ದವರು ಹೇಳಲಿ, ಇನ್ನೊಬ್ಬರು ಬರೆದುಕೊಳ್ಳಲಿ. ಹೇಳಿದವರು ಆಗಲೇ ಅದನ್ನು ಓದಿ, ಸರಿಯಿದೆ ಎಂದು ಸಹಿ ಹಾಕಿದರೆ ಅದನ್ನೂ ಕಾನೂನು ಒಪ್ಪುತ್ತದೆ.

ಒಂದು ಷರಾ ಬರೆಯುವುದು

ಸಾಮಾನ್ಯವಾಗಿ ಕಾಣುವ ಬರಹ ಹೀಗಿರುತ್ತದೆ: ‘ರಾತ್ರಿ ಟೆಂಪೊ ಡ್ರೈವರ್ ಕುಡಿದು ಬಂದು ಗಲಾಟೆ ಮಾಡಿದ, ಬೆದರಿಕೆ ಹಾಕಿದ, ವಾಪಸ್ ಕಳುಹಿಸಲಾಯಿತು.’

ಇದರಿಂದ ಯಾರಿಗೂ ಉಪಯೋಗವಿಲ್ಲ. ಅದೇ ಘಟನೆಯನ್ನು ಹೀಗೆ ಬರೆಯಬಹುದು:

‘14ನೇ ತಾರೀಖಿನ ರಾತ್ರಿ ಪಾಳಿ. 15ನೇ ತಾರೀಖು ಬೆಳಗಿನ ಜಾವ 1:20, ಗೇಟ್ 2. ಬಿಳಿ ಟೆಂಪೊ, ನಂಬರಿನ ಕೊನೆಯ ನಾಲ್ಕು ಅಂಕಿ ಮಾತ್ರ ಕಂಡಿತು, 4471. ಚಾಲಕ ಇಳಿದು ಬಂದ. ಬಾಯಿಂದ ಹೆಂಡದ ವಾಸನೆ ಬರುತ್ತಿತ್ತು, ಗೇಟಿನ ಕಂಬ ಹಿಡಿದು ನಿಂತಿದ್ದ. ಪಾಸ್ ಕೇಳಿದೆ, ತೋರಿಸಲಿಲ್ಲ. “ನಾಳೆ ಹೊರಗೆ ಸಿಗು, ನೋಡ್ಕೋತೀನಿ” ಅಂದ. ಲೋಡಿಂಗ್ ಮೇಸ್ತ್ರಿ ನನ್ನ ಪಕ್ಕದಲ್ಲೇ ಇದ್ದರು. ಕಂಬದ ದೀಪ ಉರಿಯುತ್ತಿತ್ತು. 1:28ಕ್ಕೆ ಗಾಡಿ ತಿರುಗಿಸಿಕೊಂಡು ಹೋದ. ಇದನ್ನು ಬರೆದದ್ದು 1:35ಕ್ಕೆ.’

ಇಲ್ಲಿ ‘ಕುಡಿದಿದ್ದ’ ಎಂಬ ತೀರ್ಪಿಲ್ಲ, ಮೂಗಿಗೆ ಬಂದದ್ದು ಮತ್ತು ಕಣ್ಣಿಗೆ ಕಂಡದ್ದು ಇದೆ. ‘ಬೆದರಿಕೆ’ ಎಂಬ ಪದದ ಬದಲು ಆಡಿದ ಮಾತೇ ಇದೆ. ಬೈಗುಳವಾಗಿದ್ದರೂ ಸಂಕೋಚಪಡದೆ, ಆಡಿದ ಭಾಷೆಯಲ್ಲೇ ಹಾಗೆಯೇ ಬರೆಯಿರಿ. ಕಾಣದ್ದನ್ನು ಕಾಣಲಿಲ್ಲ ಎಂದೇ ಬರೆದಿದೆ. ದೀಪದ ಮಾತು ಕೆಲವರಿಗೆ ಹೆಚ್ಚೆನಿಸಬಹುದು. ಆದರೆ ರಾತ್ರಿ ನಡೆದ ಘಟನೆಯಾದರೆ ‘ಅಷ್ಟು ಕತ್ತಲಲ್ಲಿ ಮುಖ ಹೇಗೆ ಗುರುತಿಸಿದಿರಿ?’ ಎಂಬ ಪ್ರಶ್ನೆ ಪಾಟೀ ಸವಾಲಿನಲ್ಲಿ ತಪ್ಪಿದ್ದಲ್ಲ.

ಮೇಸ್ತ್ರಿ ನಿಮಗೆ ಹೇಳಿದ ಸಂಗತಿಯಾದರೆ ‘ಮೇಸ್ತ್ರಿ ನನಗೆ ಹೀಗೆ ಹೇಳಿದರು’ ಎಂದೇ ಬರೆಯಿರಿ, ನೀವೇ ಕಂಡಂತೆ ಬರೆಯಬೇಡಿ. ಅದರ ಸಾಕ್ಷಿ ಹೇಳಬೇಕಾದವರು ಅವರು.

ತಪ್ಪಾದರೆ

ವೈಟ್ನರ್ ಮುಟ್ಟಲೇಬೇಡಿ. ತಪ್ಪಿದ ಪದದ ಮೇಲೆ ಒಂದೇ ಗೆರೆ ಎಳೆಯಿರಿ, ಕೆಳಗಿನ ಅಕ್ಷರ ಓದುವಂತಿರಲಿ. ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಚಿಕ್ಕ ಸಹಿ, ತಾರೀಖು ಹಾಕಿ. ಏನೋ ಮರೆತದ್ದು ಆಮೇಲೆ ನೆನಪಾದರೆ ಹಳೆಯ ಸಾಲುಗಳ ನಡುವೆ ತುರುಕದೆ, ಈಗಿನ ಸಮಯ ಹಾಕಿ ‘ಮೇಲಿನ 1:20ರ ಘಟನೆಗೆ ಸೇರಿಸಿದ್ದು’ ಎಂದು ಬರೆಯಿರಿ. ಎರಡು ಷರಾಗಳ ನಡುವೆ ಖಾಲಿ ಸಾಲು ಬಿಡಬೇಡಿ.

ಮೊಬೈಲ್ ಮತ್ತು ಕ್ಯಾಮೆರಾ

ವಾಟ್ಸ್‌ಆ್ಯಪ್ ಗುಂಪಿಗೆ ಫೋಟೊ ಹಾಕಿದರೆ ಕೆಲಸ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಡಿಜಿಟಲ್ ದಾಖಲೆಯನ್ನು ನ್ಯಾಯಾಲಯಕ್ಕೆ ಕೊಡುವಾಗ ಅದೇ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಕೇಳುವ ಪ್ರಮಾಣಪತ್ರ ಜೊತೆಗಿರಬೇಕು, ಅದರಲ್ಲಿ ಫೈಲಿನ ಹ್ಯಾಶ್ ಮೌಲ್ಯವನ್ನೂ (ಫೈಲು ಸ್ವಲ್ಪ ಬದಲಾದರೂ ಬದಲಾಗುವ, ಬೆರಳಚ್ಚಿನಂಥ ಸಂಕೇತ) ನಮೂದಿಸಬೇಕು. ಆದ್ದರಿಂದ ಫೋಟೊ ತೆಗೆದ ಫೋನಿನಲ್ಲೇ ಮೂಲ ಫೈಲ್ ಉಳಿಸಿಕೊಳ್ಳಿ. ಯಾವ ಫೋನು, ಎಷ್ಟು ಹೊತ್ತಿಗೆ ಎಂಬುದು ರಿಜಿಸ್ಟರಿನಲ್ಲಿರಲಿ.

ಸಿಸಿಟಿವಿ ವಿಷಯದಲ್ಲಿ ತಡ ಮಾಡುವಂತಿಲ್ಲ. ಡಿಸ್ಕ್ ತುಂಬಿದ ಕೂಡಲೇ ಡಿವಿಆರ್ (ದೃಶ್ಯ ದಾಖಲಿಸುವ ಪೆಟ್ಟಿಗೆ) ಹಳೆಯ ದೃಶ್ಯದ ಮೇಲೆ ಹೊಸದನ್ನು ಬರೆದುಬಿಡುತ್ತದೆ. ಆ ದಿನವೇ ‘ಇಂಥ ಕ್ಯಾಮೆರಾದ ಇಷ್ಟರಿಂದ ಇಷ್ಟು ಹೊತ್ತಿನ ದೃಶ್ಯ ತೆಗೆದಿಡಿ’ ಎಂದು ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯಿರಿ. ಕ್ಯಾಮೆರಾದ ಗಡಿಯಾರ ನಿಮ್ಮ ಗಡಿಯಾರಕ್ಕಿಂತ ಮುಂದೋ ಹಿಂದೋ ಇದ್ದರೆ ಎಷ್ಟು ನಿಮಿಷ ಎಂದು ಬರೆದಿಡಿ.

ವರದಿ, ಹೇಳಿಕೆ, ಜಪ್ತಿ

ಮ್ಯಾನೇಜರಿಗೆ ಕೊಡುವ ವರದಿಯನ್ನು ಬೇರೆ ಹಾಳೆಯಲ್ಲಿ ಬರೆಯಿರಿ. ರಿಜಿಸ್ಟರಿನ ಪುಟ ಸಂಖ್ಯೆ ಹೆಸರಿಸಿ, ಜೆರಾಕ್ಸ್ ಲಗತ್ತಿಸಿ. ನಿಮ್ಮ ಊಹೆ, ಸಲಹೆ ಏನಿದ್ದರೂ ವರದಿಯ ಕೊನೆಯಲ್ಲಿ ಬೇರೆಯಾಗಿ ಬರಲಿ. ವರದಿಗೆ ಹೊಂದುವಂತೆ ಷರಾ ತಿದ್ದಿ ಎಂದು ಯಾರೇ ಹೇಳಿದರೂ ಒಪ್ಪಬೇಡಿ. ಕಂಪನಿಯ ಒಳಗಿನ ವಿಚಾರಣೆಗೆ ಸಾಕ್ಷ್ಯ ಕಾಯ್ದೆ ಅಕ್ಷರಶಃ ಅನ್ವಯಿಸುವುದಿಲ್ಲ ನಿಜ, ಆದರೂ ಅಲ್ಲಿ ಕೊಟ್ಟ ಕಾಗದ ಮುಂದೆ ಕೋರ್ಟಿಗೂ ಬರಬಹುದು.

ದೂರುದಾರರು ನೀವೇ ಆಗಿದ್ದರೆ ಪೊಲೀಸರು ಬರೆದುಕೊಂಡ ದೂರನ್ನು ಓದಿಸಿಕೊಂಡೇ ಸಹಿ ಹಾಕಿ. ಎಫ್‌ಐಆರ್ ಪ್ರತಿ ಉಚಿತವಾಗಿ ಸಿಗಬೇಕು. ಬರೀ ಸಾಕ್ಷಿಯಾಗಿದ್ದರೆ, ತನಿಖಾಧಿಕಾರಿ ಬರೆದುಕೊಂಡ ಹೇಳಿಕೆಗೆ ನಿಮ್ಮ ಸಹಿ ಬೇಕಿಲ್ಲ. ಎರಡೂ ಸಂದರ್ಭದಲ್ಲಿ ಠಾಣೆಗೆ ಹೋಗುವ ಮೊದಲು ನಿಮ್ಮ ಷರಾ ಒಮ್ಮೆ ಓದಿಕೊಂಡು ಹೋಗಿ. ಹೇಳಿಕೆಗೂ ಪುಸ್ತಕಕ್ಕೂ ಸಮಯ ತಾಳೆಯಾಗದಿದ್ದರೆ ಎದುರು ವಕೀಲರು ಅಲ್ಲಿಂದಲೇ ಶುರು ಮಾಡುತ್ತಾರೆ.

ಪೊಲೀಸರು ರಿಜಿಸ್ಟರನ್ನೇ ಜಪ್ತಿ ಮಾಡುವುದುಂಟು. ಕೊಡುವ ಮೊದಲು ಸಂಬಂಧಪಟ್ಟ ಪುಟಗಳ ಜೆರಾಕ್ಸ್ ಇಟ್ಟುಕೊಳ್ಳಿ, ಮಹಜರಿನ ಪ್ರತಿ ಕೇಳಿ. ಹೊಸ ರಿಜಿಸ್ಟರಿನ ಮೊದಲ ಪುಟದಲ್ಲಿ ಹಳೆಯದು ಯಾವ ಠಾಣೆಗೆ, ಯಾವ ದಿನ ಹೋಯಿತೆಂದು ಬರೆಯಿರಿ. ತುಂಬಿದ ಪುಸ್ತಕಗಳು ಕಂಪನಿಯ ಅಥವಾ ಸಂಘದ ಬೀರುವಿನಲ್ಲೇ ಇರಲಿ. ಗುತ್ತಿಗೆ ಬದಲಾದಾಗ ಹಳೆಯ ಏಜೆನ್ಸಿ ಅವನ್ನು ಹೊತ್ತೊಯ್ಯುವುದು, ದೀಪಾವಳಿಗೆ ಶುಚಿಗೊಳಿಸುವಾಗ ಅವು ರದ್ದಿ ಅಂಗಡಿ ಸೇರುವುದು, ಎರಡೂ ಮಾಮೂಲಿ.

ಸಮನ್ಸ್ ಬಂದ ಮೇಲೆ

ಬರೆದದ್ದನ್ನು ಬಾಯಿಪಾಠ ಮಾಡಬೇಡಿ. ಕಟಕಟೆಯಲ್ಲಿ ಸಮಯವೋ ಗಾಡಿ ನಂಬರೋ ನೆನಪಾಗದಿದ್ದರೆ ‘ಆಗಲೇ ಬರೆದಿಟ್ಟಿದ್ದೇನೆ, ನೋಡಿ ಹೇಳಲು ಅನುಮತಿ ಕೊಡಿ’ ಎಂದು ನ್ಯಾಯಾಧೀಶರನ್ನು ಕೇಳಿ. ನೀವು ನೋಡಿದ ಬರಹವನ್ನು ಎದುರು ಪಕ್ಷವೂ ಕೇಳಿ ನೋಡಬಹುದು, ಅದರ ಮೇಲೆ ಪ್ರಶ್ನೆ ಹಾಕಬಹುದು. ಅದು ಅದೇ ಅಧಿನಿಯಮದ 164ನೇ ಕಲಂ. ಸಂಬಳ ಬಾಕಿಯ ಸಿಟ್ಟು, ಸೂಪರ್‌ವೈಸರ್ ಮೇಲಿನ ಕುಹಕ ಆ ಪುಟದಲ್ಲಿದ್ದರೆ ಅದನ್ನೂ ಅವರು ಗಟ್ಟಿಯಾಗಿ ಓದಿಸುತ್ತಾರೆ. ಸಾಕ್ಷಿ ಹೇಳಿ ಇಳಿದ ಮೇಲೆ ಕೋರ್ಟ್ ಕಚೇರಿಯಲ್ಲಿ ಹಾಜರಾತಿ ಪ್ರಮಾಣಪತ್ರ ಕೇಳಿ ಪಡೆಯಿರಿ. ಆ ದಿನ ಎಲ್ಲಿದ್ದಿರಿ ಎಂದು ಕಚೇರಿಯಲ್ಲಿ ತೋರಿಸಲು, ಸಮನ್ಸ್ ಜೊತೆಗೆ ಅದೂ ಬೇಕಾಗುತ್ತದೆ.