ಬ್ರಿಟನ್ನಿನಲ್ಲಿ ಸರ್ಕಾರಿ ಗುತ್ತಿಗೆ ಹಿಡಿಯಬೇಕಾ? ಸಣ್ಣ ಕಂಪನಿ ಇಟ್ಟಿರುವ ಕನ್ನಡಿಗರಿಗೆ

"ಕೌನ್ಸಿಲ್‌ಗೆ ಸಪ್ಲೈ ಮಾಡೋಕೆ ಎಲ್ಲಿ ಲೈಸೆನ್ಸ್ ಮಾಡಿಸಬೇಕು?" ಇಲ್ಲಿ ಸಣ್ಣದಾಗಿ ಬಿಸಿನೆಸ್ ನಡೆಸುವ ನಮ್ಮವರು ಮೊದಲು ಕೇಳುವ ಪ್ರಶ್ನೆ ಇದು (ಕೌನ್ಸಿಲ್ ಅಂದರೆ ಇಲ್ಲಿನ ಸ್ಥಳೀಯ ಆಡಳಿತ ಸಂಸ್ಥೆ). ಊರಿನ ಅಭ್ಯಾಸ ಹಾಗಿದೆ. ಪಿಡಬ್ಲ್ಯುಡಿಯಲ್ಲಿ ಕ್ಲಾಸ್ ಒನ್ ಕಂಟ್ರಾಕ್ಟರ್ ಅಂತ ನೋಂದಣಿ, ಆಮೇಲೆ ಟೆಂಡರ್ ಫೀಸು, ಇಎಂಡಿ ಅನ್ನುವ ಮುಂಗಡ ಠೇವಣಿ. ಬ್ರಿಟನ್ನಿನಲ್ಲಿ ಎಲ್ಲ ಕಡೆ ನಡೆಯುವ ಅಂಥ ಒಂದೇ ಲೈಸೆನ್ಸ್ ಇಲ್ಲ. ಸಾಮಾನ್ಯವಾಗಿ ಇಎಂಡಿಯೂ ಇಲ್ಲ, ಫಾರಂಗೆ ದುಡ್ಡೂ ಇಲ್ಲ. ಇರುವುದು ಮೂರು ಬೇರೆ ಬೇರೆ ವಿಷಯ: ನೋಂದಣಿ, ಟೆಂಡರ್, ಫ್ರೇಮ್‌ವರ್ಕ್. ಈ ಮೂರನ್ನೂ ಒಂದೇ ಅಂದುಕೊಂಡು ತಿಂಗಳುಗಟ್ಟಲೆ ಓಡಾಡುವವರಿದ್ದಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಶುರು ಮಾಡುವ ಮೊದಲು ನಿಮ್ಮ ವೀಸಾ ನೋಡಿಕೊಳ್ಳಿ. ಕೆಲಸದ ವೀಸಾದಲ್ಲಿ ಬಂದವರಿಗೆ ಸ್ವಂತ ವ್ಯವಹಾರ ನಡೆಸುವುದಕ್ಕೆ ಕಟ್ಟುನಿಟ್ಟಿನ ಮಿತಿಗಳಿವೆ. ಅನುಮಾನ ಇದ್ದರೆ ಇಮಿಗ್ರೇಶನ್ ವಕೀಲರನ್ನು ಕೇಳಿ, ಆಮೇಲೆ ಮುಂದಿನ ಮಾತು.

ಮೊದಲನೆಯದು ನೋಂದಣಿ. ಪ್ರೊಕ್ಯೂರ್‌ಮೆಂಟ್ ಆಕ್ಟ್ 2023 ಅನ್ನುವ ಕಾಯ್ದೆ 2025ರ ಫೆಬ್ರವರಿ 24ರಂದು ಜಾರಿಗೆ ಬಂತು. ಅವತ್ತಿನಿಂದ ಇಂಗ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡಿನ ಬಹುಪಾಲು ಸರ್ಕಾರಿ ಖರೀದಿ ಇದರಡಿಯಲ್ಲಿ ನಡೆಯುತ್ತಿದೆ. ಸ್ಕಾಟ್ಲೆಂಡಿಗೆ ಬೇರೆ ನಿಯಮ, ಅಲ್ಲಿನವರು ಪಬ್ಲಿಕ್ ಕಾಂಟ್ರಾಕ್ಟ್ಸ್ ಸ್ಕಾಟ್ಲೆಂಡ್ ತಾಣ ನೋಡಬೇಕು. ಉಳಿದವರು 'ಫೈಂಡ್ ಎ ಟೆಂಡರ್' ತಾಣದಲ್ಲಿ ಕಂಪನಿಯನ್ನು ನೋಂದಾಯಿಸಬೇಕು. ಕಂಪನೀಸ್ ಹೌಸ್ (ಕಂಪನಿಗಳನ್ನು ದಾಖಲಿಸುವ ಸರ್ಕಾರಿ ಕಚೇರಿ) ಕೊಟ್ಟ ನಂಬರ್, ಡೈರೆಕ್ಟರ್‌ಗಳು, ದೊಡ್ಡ ಪಾಲುದಾರರು, ಎಲ್ಲರ ವಿವರ ತುಂಬಬೇಕು. ಗಂಡ ಹೆಂಡತಿ ಇಬ್ಬರೇ ನಡೆಸುವ ಕಂಪನಿಯಾದರೂ ಇಬ್ಬರ ವಿವರವೂ ಬೇಕು. ಒಮ್ಮೆ ತುಂಬಿಟ್ಟರೆ ಪ್ರತಿ ಟೆಂಡರಿಗೂ ಅದೇ ಮಾಹಿತಿ ಹಂಚಿಕೊಳ್ಳಬಹುದು. ಇದು ಪೂರ್ತಿ ಉಚಿತ. "ನಾವು ನಿಮ್ಮನ್ನು ಸರ್ಕಾರಿ ಸಪ್ಲೈಯರ್ ಮಾಡಿಸಿಕೊಡ್ತೀವಿ, ಇಷ್ಟು ಪೌಂಡ್ ಕೊಡಿ" ಅಂತ ಫೋನ್ ಬಂದರೆ ಮಾತು ಮುಂದುವರಿಸಬೇಡಿ.

ಆದರೆ ನೋಂದಣಿಯಾದ ಮಾತ್ರಕ್ಕೆ ಯಾರೂ ನಿಮ್ಮನ್ನು ಒಪ್ಪಿಕೊಂಡ ಹಾಗಲ್ಲ. ನಿಮ್ಮ ಹೆಸರು ವಿಳಾಸ ಅಲ್ಲಿ ಇದೆ, ಅಷ್ಟೇ.

ಫ್ರೇಮ್‌ವರ್ಕ್ ಅನ್ನುವುದು 'ಅಪ್ರೂವ್ಡ್ ಲಿಸ್ಟ್'ಗೆ ಸ್ವಲ್ಪ ಹತ್ತಿರ. ಒಂದು ದೊಡ್ಡ ಖರೀದಿ ಸಂಸ್ಥೆ ಮೊದಲೇ ಸ್ಪರ್ಧೆ ನಡೆಸಿ ಕೆಲವು ಕಂಪನಿಗಳನ್ನು ಆರಿಸಿಡುತ್ತದೆ. ಆಮೇಲೆ ಇಲಾಖೆಗಳು, ಕೌನ್ಸಿಲ್‌ಗಳು ಆ ಪಟ್ಟಿಯಿಂದಲೇ ಕೊಳ್ಳಬಹುದು. ಐಟಿಯವರಿಗೆ ಚೆನ್ನಾಗಿ ಗೊತ್ತಿರುವುದು 2012ರಲ್ಲಿ ಶುರುವಾದ ಜಿ-ಕ್ಲೌಡ್. ಕ್ಲೌಡ್ ಸೇವೆ ಕೊಡುವ ಸಣ್ಣ ಕಂಪನಿಗಳೂ ಅದರಲ್ಲಿವೆ. ಆದರೆ ಫ್ರೇಮ್‌ವರ್ಕ್ ಬಾಗಿಲು ಯಾವಾಗಲೂ ತೆರೆದಿರುವುದಿಲ್ಲ, ಅರ್ಜಿಯ ಸಮಯದಲ್ಲೇ ಹಾಕಬೇಕು. ಪಟ್ಟಿ ಸೇರಿದರೂ ಕೆಲಸ ಬಂದೇ ಬರುತ್ತದೆ ಅನ್ನುವ ಭರವಸೆ ಇಲ್ಲ. ಸೇರಿದ ಸಂಭ್ರಮದಲ್ಲಿ ಜನರನ್ನು ಕೆಲಸಕ್ಕೆ ತೆಗೆದುಕೊಂಡು, ಒಂದು ಆರ್ಡರ್ ಕೂಡ ಬರದೆ ಕೈ ಸುಟ್ಟುಕೊಂಡ ಕಂಪನಿಗಳಿವೆ. ಡೈನಮಿಕ್ ಮಾರ್ಕೆಟ್ ಅನ್ನುವುದೂ ಅರ್ಹ ಸಪ್ಲೈಯರ್‌ಗಳ ಒಂದು ಪಟ್ಟಿಯೇ, ಆದರೆ ಇದಕ್ಕಿಂತ ಸಲೀಸು, ಅದು ಚಾಲ್ತಿಯಲ್ಲಿರುವಷ್ಟು ದಿನ ಯಾವಾಗ ಬೇಕಾದರೂ ಅರ್ಜಿ ಹಾಕಬಹುದು.

ಹಾಗಾದರೆ ಹೊಸಬರು ಎಲ್ಲಿಂದ ಶುರು ಮಾಡಬೇಕು? ನನ್ನ ಪ್ರಕಾರ ನಿಮ್ಮ ಊರಿನ ಕೌನ್ಸಿಲ್‌ನಿಂದ, ಅದೂ ಸಣ್ಣ ಮೊತ್ತದ ಕೆಲಸದಿಂದ. 2026ರ ಜನವರಿಯಿಂದ ಕೌನ್ಸಿಲ್‌ನಂಥ ಸಂಸ್ಥೆಗಳು ಮಾಲು, ಸೇವೆ ಕೊಳ್ಳುವಾಗ ಕಾಯ್ದೆಯ ಪೂರ್ತಿ ವಿಧಾನ ಅನುಸರಿಸಬೇಕಾದ ಮಿತಿ ವ್ಯಾಟ್ ಸೇರಿ 2,07,720 ಪೌಂಡ್. ಅದಕ್ಕಿಂತ ಕಡಿಮೆಯಾದರೆ ನಿಯಮ ಹಗುರ. ಇನ್ನೂ ಸಣ್ಣ ಕೆಲಸಕ್ಕೆ ಎಷ್ಟೋ ಕೌನ್ಸಿಲ್‌ಗಳು ಮೂರು ಕೊಟೇಶನ್ ತರಿಸಿ ಮುಗಿಸುತ್ತವೆ. ಜಾಹೀರಾತೇ ಇರುವುದಿಲ್ಲ. ಆ ಮೂವರಲ್ಲಿ ನೀವೊಬ್ಬರಾಗಬೇಕಾದರೆ ನೀವು ಇದ್ದೀರಿ ಅಂತ ಅಲ್ಲಿನ ಅಧಿಕಾರಿಗೆ ಗೊತ್ತಿರಬೇಕು, ಅಲ್ವಾ?

ಇದಕ್ಕೊಂದು ಒಳ್ಳೆ ದಾರಿ ಇದೆ, ಬಹಳ ಜನ ಬಳಸುವುದಿಲ್ಲ. ಇಂಗ್ಲೆಂಡಿನ ಕೌನ್ಸಿಲ್‌ಗಳು 500 ಪೌಂಡ್ ಮೀರಿದ ಖರ್ಚನ್ನೂ, 5,000 ಪೌಂಡ್ ಮೀರಿದ ಕರಾರುಗಳನ್ನೂ ಪ್ರಕಟಿಸಬೇಕು ಅಂತ 2015ರ ಪಾರದರ್ಶಕತೆ ನಿಯಮ ಹೇಳುತ್ತದೆ. ನಿಮ್ಮ ಕೌನ್ಸಿಲ್ ವೆಬ್‌ಸೈಟಿನಲ್ಲಿ ಆ ಎಕ್ಸೆಲ್ ಫೈಲ್ ಸಿಗುತ್ತದೆ. ತೆರೆದು ನಿಮ್ಮ ಕಸುಬಿನ ಹೆಸರು ಹಾಕಿ ಹುಡುಕಿ. ಈಗ ಯಾರು ಸಪ್ಲೈ ಮಾಡುತ್ತಿದ್ದಾರೆ, ಎಷ್ಟಕ್ಕೆ, ಕರಾರು ಯಾವಾಗ ಮುಗಿಯುತ್ತದೆ, ಎಲ್ಲ ಅಲ್ಲೇ ಇರುತ್ತದೆ. ಮುಗಿಯುವುದಕ್ಕೆ ಆರೇಳು ತಿಂಗಳು ಮುಂಚೆ ಖರೀದಿ ವಿಭಾಗಕ್ಕೆ ಒಂದು ಚಿಕ್ಕ ಇಮೇಲ್ ಬರೆಯಿರಿ. "ಮೀಟ್ ದಿ ಬಯರ್" ಕಾರ್ಯಕ್ರಮ ಇದ್ದರೆ ಹೋಗಿ. ಸುಮ್ನೆ ಬ್ರೋಷರ್ ಹಂಚಿ ಬರುವುದಕ್ಕಿಂತ "ನಿಮ್ಮ ಇಂಥ ಕರಾರು ಮುಂದಿನ ಮಾರ್ಚಿಗೆ ಮುಗಿಯುತ್ತಲ್ಲ" ಅಂತ ಮಾತು ಶುರು ಮಾಡಿದರೆ ಎದುರಿನವರು ಗಮನ ಕೊಡುತ್ತಾರೆ.

ಜಾಹೀರಾತು ಬರುವ ಟೆಂಡರ್‌ಗಳಿಗೆ ಫೈಂಡ್ ಎ ಟೆಂಡರ್‌ನಲ್ಲಿ ಸಿಪಿವಿ ಕೋಡ್ (ಪ್ರತಿ ಬಗೆಯ ಮಾಲು, ಸೇವೆಗೆ ಕೊಟ್ಟಿರುವ ಸಂಖ್ಯೆ) ಹಾಕಿ ಹುಡುಕಬಹುದು. ಐಟಿ ಸೇವೆಯಾದರೆ 72ರಿಂದ ಶುರುವಾಗುವ ಕೋಡ್, ಅನುವಾದಕ್ಕೆ 79530000. ಟೆಂಡರ್ ಕಾಗದಪತ್ರ ಬೇರೆ ಪೋರ್ಟಲ್‌ನಲ್ಲಿ ಇರಬಹುದು, ಅಲ್ಲಿ ಮತ್ತೊಂದು ಖಾತೆ ತೆರೆಯಬೇಕಾಗುತ್ತದೆ. ಬೇಸರ ಮಾಡಿಕೊಳ್ಳಬೇಡಿ.

ಸೋಲುವುದು ಹೆಚ್ಚಾಗಿ ಉತ್ತರ ಬರೆಯುವಲ್ಲಿ. ಒಂದು ಉದಾಹರಣೆ ತಗೊಳ್ಳೋಣ. ವಯಸ್ಸಾದವರು ಬಂದು ಕೂರುವ ಡೇ ಸೆಂಟರಿಗೆ ಮಧ್ಯಾಹ್ನದ ಊಟ ಕೊಡುವ ಟೆಂಡರ್. ಪ್ರಶ್ನೆ: ಡ್ರೈವರ್ ಬರದೇ ಹೋದ ದಿನ ಊಟ ಹೇಗೆ ತಲುಪಿಸುತ್ತೀರಿ? 300 ಪದ ಮೀರಬಾರದು. ನಮ್ಮವರು ಬರೆಯುವುದು ಹೀಗೆ: "ನಮಗೆ 15 ವರ್ಷದ ಅನುಭವ ಇದೆ, ಗ್ರಾಹಕರ ತೃಪ್ತಿಯೇ ನಮ್ಮ ಗುರಿ." ಇದಕ್ಕೆ ಅಂಕ ಬರುವುದಿಲ್ಲ, ಯಾಕೆಂದರೆ ಇದು ಕೇಳಿದ್ದಕ್ಕೆ ಉತ್ತರವೇ ಅಲ್ಲ. ಬೆಳಿಗ್ಗೆ 8ಕ್ಕೆ ಯಾರು ಹಾಜರಿ ನೋಡುತ್ತಾರೆ, ಎರಡನೇ ಡ್ರೈವರ್ ಯಾರು, ವ್ಯಾನ್ ಇನ್ಶೂರೆನ್ಸಿನಲ್ಲಿ ಅವರ ಹೆಸರಿದೆಯಾ, ಊಟ ಎಷ್ಟು ಬಿಸಿ ಇರುವಾಗ ಹೊರಡುತ್ತದೆ, 14 ಅಲರ್ಜನ್‌ಗಳ (ಅಲರ್ಜಿ ತರುವ ಪದಾರ್ಥಗಳ) ಚೀಟಿಯನ್ನು ಯಾರು ಡಬ್ಬಿಗೆ ಅಂಟಿಸುತ್ತಾರೆ, ತಡವಾದರೆ ಸೆಂಟರಿಗೆ ಯಾರು ಫೋನ್ ಮಾಡುತ್ತಾರೆ, ಇದನ್ನು ಬರೆಯಿರಿ. ಅಂಕ ಹಾಕುವವರು ಮುಂದೆ ಇರುವ ಕಾಗದಕ್ಕೆ ಮಾತ್ರ ಹಾಕಬೇಕು. ಅವರು ನಿಮ್ಮ ಬಿಸಿಬೇಳೆಬಾತ್ ತಿಂದು ಹೊಗಳಿದವರೇ ಆಗಿದ್ದರೂ ಅದು ಲೆಕ್ಕಕ್ಕಿಲ್ಲ.

ಸಣ್ಣವರು ಹೆದರುವ ಕೆಲವು ವಿಷಯಗಳಲ್ಲಿ ಹೊಸ ಕಾಯ್ದೆ ನಮ್ಮ ಪರವಾಗಿದೆ. ಆ ಕೆಲಸಕ್ಕೆ ಬೇಕಾದ ಇನ್ಶೂರೆನ್ಸ್ ಕರಾರು ಸಿಗುವ ಮೊದಲೇ ಇರಬೇಕು ಅಂತ ಷರತ್ತು ಹಾಕುವಂತಿಲ್ಲ, ಸಿಕ್ಕಮೇಲೆ ಮಾಡಿಸಿದರೆ ಸಾಕು. ಆಡಿಟ್ ಕಡ್ಡಾಯವಲ್ಲದ ಸಣ್ಣ ಕಂಪನಿಯಿಂದ ಆಡಿಟ್ ಆದ ಲೆಕ್ಕ ಕೇಳುವಂತಿಲ್ಲ. ಆದರೆ ನೌಕರರಿದ್ದರೆ ಎಂಪ್ಲಾಯರ್ಸ್ ಲಯಬಿಲಿಟಿ ಇನ್ಶೂರೆನ್ಸ್ (ಕೆಲಸದಿಂದ ನೌಕರರಿಗೆ ಗಾಯ, ಕಾಯಿಲೆ ಆದರೆ ಪರಿಹಾರಕ್ಕೆ) ಬೇರೆ ಕಾನೂನಿನಂತೆ ಕಡ್ಡಾಯ, ಕನಿಷ್ಠ 50 ಲಕ್ಷ ಪೌಂಡ್. ಜನರ ವೈಯಕ್ತಿಕ ಮಾಹಿತಿ ಮುಟ್ಟುವ ಐಟಿ ಕೆಲಸಕ್ಕೆ ಸೈಬರ್ ಎಸೆನ್ಷಿಯಲ್ಸ್ ಅನ್ನುವ ಕಂಪ್ಯೂಟರ್ ಸುರಕ್ಷತೆಯ ಸರ್ಟಿಫಿಕೇಟ್ ಕೇಳುವುದು ಜಾಸ್ತಿ, ಅದನ್ನು ಮುಂಚೆಯೇ ಮಾಡಿಸಿಟ್ಟುಕೊಳ್ಳಿ.

ದೊಡ್ಡ ಮೊತ್ತದ ಟೆಂಡರ್ ಸೋತರೆ ನಿಮಗೆ ಅಸೆಸ್‌ಮೆಂಟ್ ಸಮರಿ ಕಳಿಸುತ್ತಾರೆ. ನಿಮ್ಮ ಅಂಕ, ಗೆದ್ದವರ ಅಂಕ, ಕಾರಣ ಎಲ್ಲ ಅದರಲ್ಲಿರುತ್ತದೆ. ಆಮೇಲೆ ಕೊಳ್ಳುವ ಸಂಸ್ಥೆ ಸಾಮಾನ್ಯವಾಗಿ ಕನಿಷ್ಠ 8 ಕೆಲಸದ ದಿನ ಕಾದೇ ಗೆದ್ದವರ ಜೊತೆ ಕರಾರಿಗೆ ಸಹಿ ಹಾಕಬೇಕು. ಲೆಕ್ಕ ತಪ್ಪಾಗಿದೆ ಅನ್ನಿಸಿದರೆ ಆ ದಿನಗಳಲ್ಲೇ ಪ್ರಶ್ನೆ ಕೇಳಿ. ಸಂಕೋಚ ಬೇಡ, ಇಲ್ಲಿ ಅದನ್ನು ಜಗಳ ಅಂತ ಯಾರೂ ಎಣಿಸುವುದಿಲ್ಲ.

ಗೆದ್ದರೆ ದುಡ್ಡಿನ ವಿಷಯ. ಸರಿಯಾದ ಇನ್‌ವಾಯ್ಸ್ ತಲುಪಿದ 30 ದಿನದೊಳಗೆ ಹಣ ಕೊಡಬೇಕು ಅನ್ನುವುದು ಸಾಮಾನ್ಯವಾಗಿ ಕರಾರಿನಲ್ಲಿ ಬರೆಯದಿದ್ದರೂ ಇದೆ ಅಂತಲೇ ಲೆಕ್ಕ. ನೀವು ದೊಡ್ಡ ಕಂಪನಿಯ ಕೆಳಗೆ ಸಬ್ ಕಾಂಟ್ರಾಕ್ಟ್ ಮಾಡುತ್ತಿದ್ದರೂ ಇದು ಅನ್ವಯಿಸುತ್ತದೆ. ಆದರೆ ಪರ್ಚೇಸ್ ಆರ್ಡರ್ (ಕೊಳ್ಳುವವರು ಕೊಡುವ ಖರೀದಿ ಆದೇಶ) ನಂಬರ್ ಇಲ್ಲದ ಇನ್‌ವಾಯ್ಸನ್ನು ಬಹಳಷ್ಟು ಕೌನ್ಸಿಲ್‌ಗಳು ವಾಪಸ್ ಕಳಿಸುತ್ತವೆ. ಕೆಲಸ ಶುರು ಮಾಡುವ ಮೊದಲೇ ಆ ನಂಬರ್ ಕೇಳಿ ತೆಗೆದುಕೊಳ್ಳಿ.